ಮುಖವೂ ಹೆಸರೂ: ಗಾಥಿಕ್ ಲೇಖಕರ ಗೃಹಪ್ರತಿಮೆಗಳು ಮತ್ತು ಸೊರಬ ಸೀಮೆಯ ಗಂಧದ ಕೆತ್ತನೆ

1

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಉಳವಿ ಎಂಬುದೊಂದು ಹೋಬಳಿಯ ಊರು. ಚೆನ್ನಬಸವಣ್ಣನ ಸಮಾಧಿಯಿಂದ ಪ್ರಸಿದ್ಧವಾದ ಉತ್ತರ ಕನ್ನಡ ಜಿಲ್ಲೆಯ ಉಳವಿ ಬೇರೆ, ಇದು ಬೇರೆ. ಈ ಊರಿನ ಒಂದು ಕಡೆಗೆ ಸೊರಬ, ಇನ್ನೊಂದು ಕಡೆಗೆ ಸಾಗರ. ಎರಡೂ ಪಟ್ಟಣಗಳು ಗುಡಿಗಾರರ ಶ್ರೀಗಂಧದ ಕೆತ್ತನೆಗೆ ಹೆಸರಾದವು. ಮನೆಯೊಳಗೆ ಇರಿಸಿಕೊಳ್ಳತಕ್ಕ ಕಿರುಶಿಲ್ಪದಲ್ಲಿ ಇಷ್ಟು ಸೂಕ್ಷ್ಮವಾದ ಕೈಗಾರಿಕೆ ಬೆಳೆದುಬಂದ ಸೀಮೆ ಕನ್ನಡ ನಾಡಿನಲ್ಲಿ ವಿರಳ.

ಈ ಸಂಗತಿಯ ಪಕ್ಕದಲ್ಲಿ ಇನ್ನೊಂದನ್ನು ಇರಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಇಂಗ್ಲಿಷ್ ನುಡಿಯ ನಾಡುಗಳಲ್ಲಿ, ಭಯಾದ್ಭುತ ಕಥೆಗಳನ್ನು ಬರೆದ ‘ಗಾಥಿಕ್’ ಲೇಖಕರ ಕಿರುಪ್ರತಿಮೆಗಳನ್ನು ಪುಸ್ತಕದ ಕಪಾಟಿನ ಮೇಲೂ ಬರೆಯುವ ಮೇಜಿನ ಮೇಲೂ ಇಟ್ಟುಕೊಳ್ಳುವ ರೂಢಿಯಿದೆ. ಎಡ್ಗರ್ ಅಲನ್ ಪೋ ಅವರ ಎದೆಮಟ್ಟದ ಪ್ರತಿಮೆ ಅವುಗಳಲ್ಲಿ ಬಹು ಪರಿಚಿತವಾದುದು. ಗಂಧದ ಕೆತ್ತನೆಯ ನಮ್ಮ ಸೀಮೆಯಲ್ಲಾದರೋ ಮನೆಯ ಪ್ರತಿಮೆಯೆಂದರೆ ಗಣಪತಿ, ಕೃಷ್ಣ, ಲಕ್ಷ್ಮಿ, ಸರಸ್ವತಿ. ಕೆತ್ತುವ ಕೈಯೂ ಇತ್ತು, ಕೊಂಡಾಡಲು ಕವಿಗಳೂ ಇದ್ದರು. ಆದರೂ ಕವಿಯ ಮುಖವನ್ನು ಮನೆಯಲ್ಲಿ ಇರಿಸಿಕೊಳ್ಳುವ ಸಂಪ್ರದಾಯ ಹಿಂದಿನವರಲ್ಲಿ ಏಕೆ ಬೇರೂರಲಿಲ್ಲ? ಇದನ್ನು ನಮ್ಮವರ ಉದಾಸೀನವೆಂದು ಕರೆದು ಸುಮ್ಮನಾಗುವುದು ಸುಲಭ. ಆದರೆ ಸಾಮಗ್ರಿಯನ್ನು ಪರಿಶೀಲಿಸಿದರೆ ಬೇರೆಯ ಉತ್ತರ ದೊರೆಯುತ್ತದೆ.

2

ಮೊದಲು ‘ಗಾಥಿಕ್’ ಶಬ್ದದ ಅರ್ಥವನ್ನು ನೋಡೋಣ. ಗಾಥರು ರೋಮನ್ ಸಾಮ್ರಾಜ್ಯದ ಮೇಲೆ ಬಿದ್ದ ಒಂದು ಜನಾಂಗ. ಮಧ್ಯಯುಗದ ಯೂರೋಪಿನ ಚೂಪುಕಮಾನಿನ ಕಟ್ಟಡಗಳನ್ನು ಹಳಿಯುವುದಕ್ಕಾಗಿ ನವೋದಯ ಕಾಲದ ಇಟಲಿಯ ಬರಹಗಾರರು ಅವನ್ನು ಗಾಥರ ರೀತಿಯವೆಂದು ಹೇಳಿದರು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಆ ಬೈಗುಳವೇ ಮೆಚ್ಚುಗೆಯ ಮಾತಾಯಿತು. ಪಾಳುಕೋಟೆ, ನೆಲಮಾಳಿಗೆ, ವಂಶದ ಶಾಪ, ಅಲೆದಾಡುವ ಪ್ರೇತ ಇವುಗಳಿಂದ ಕೂಡಿದ ಕಥೆಗಳಿಗೆ ಅದೇ ಹೆಸರು ನಿಂತಿತು.

ಈ ಸಾಹಿತ್ಯವು ಹುಟ್ಟಿದುದೇ ಅಲಂಕರಿಸಿದ ಒಂದು ಮನೆಯಲ್ಲಿ ಎಂಬುದು ಗಮನಾರ್ಹ. ಹೊರೇಸ್ ವಾಲ್ಪೋಲ್ 1747ರಲ್ಲಿ ಥೇಮ್ಸ್ ನದಿಯ ಬಳಿಯ ಟ್ವಿಕನ್‌ಹ್ಯಾಮಿನಲ್ಲಿ ಸಣ್ಣ ಮನೆಯೊಂದನ್ನು ಹಿಡಿದು, ಮುಂದಿನ ದಶಕಗಳಲ್ಲಿ ಅದನ್ನು ಸ್ಟ್ರಾಬೆರಿ ಹಿಲ್ ಎಂಬ ಗಾಥಿಕ್ ಭವನವಾಗಿ ಬೆಳೆಸಿದನು. ಪ್ರಾಚೀನ ದೇವಾಲಯಗಳ ಹಾಗೂ ಸಮಾಧಿಗಳ ಕೆತ್ತನೆಯ ಮಾದರಿಗಳು ಅಲ್ಲಿ ಅಗ್ಗಿಷ್ಟಿಕೆಗಳ ಅಲಂಕಾರವಾದವು. ಆ ಮನೆಯಲ್ಲಿ ಕಂಡ ಕನಸಿನಿಂದ ಹೊಳೆದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ 1764ರಲ್ಲಿ ಪ್ರಕಟವಾಯಿತು. ಅದರಲ್ಲಿ ದೈತ್ಯಗಾತ್ರದ ಶಿರಸ್ತ್ರಾಣವೊಂದು ಬಿದ್ದು ರಾಜಕುಮಾರನು ಸಾಯುತ್ತಾನೆ. ಪೂರ್ವಜನ ಚಿತ್ರ ನಿಟ್ಟುಸಿರಿಟ್ಟು ಚೌಕಟ್ಟಿನಿಂದ ಇಳಿದುಬರುತ್ತದೆ. ಒಂದು ಪ್ರತಿಮೆಯ ಮೂಗಿನಿಂದ ರಕ್ತ ತೊಟ್ಟಿಕ್ಕುತ್ತದೆ. ಮೇರಿ ಶೆಲ್ಲಿಯ ‘ಫ್ರ್ಯಾಂಕನ್‌ಸ್ಟೈನ್’ (1818) ಕಾದಂಬರಿಯಲ್ಲಿ ಮಾನವನ ಕೈಯಿಂದ ರಚಿತವಾದ ಆಕೃತಿಯು ಜೀವ ತಳೆದು ರಚಿಸಿದವನನ್ನೇ ಬೆನ್ನಟ್ಟುತ್ತದೆ. ಅಂದರೆ, ಕರೆಯದೆ ಜೀವ ತಳೆಯುವ ಪ್ರತಿಮೆಯ ಭಯ ಈ ಸಾಹಿತ್ಯದ ಮೂಲದ್ರವ್ಯಗಳಲ್ಲೊಂದು.

ಲೇಖಕನ ಪ್ರತಿಮೆಯನ್ನು ಮನೆಯಲ್ಲಿರಿಸುವ ರೂಢಿ ಇದಕ್ಕಿಂತ ಹಳೆಯದು; ಅದರ ಮೂಲ ಗ್ರೀಕ್ ಮತ್ತು ರೋಮನ್ ಗ್ರಂಥಾಲಯಗಳಲ್ಲಿದೆ. ಆದರೆ ಅದು ಸಾಮಾನ್ಯ ಗೃಹಸ್ಥನ ಕೈಗೆ ಎಟುಕಿದುದು ಕೈಗಾರಿಕೆಯಿಂದ. 1770ರ ದಶಕದಲ್ಲಿ ಜೋಸಯ್ಯ ವೆಜ್‌ವುಡ್ ತನ್ನ ಕಾರ್ಖಾನೆಯ ಕಪ್ಪು ಮಣ್ಣಿನಲ್ಲಿ ಕವಿಗಳ ಹಾಗೂ ತತ್ತ್ವಜ್ಞರ ಎದೆಪ್ರತಿಮೆಗಳನ್ನು ಅಚ್ಚುಹಾಕಿಸಿ ಗ್ರಂಥಾಲಯದ ಅಲಂಕಾರಕ್ಕೆಂದು ಮಾರಿದನು. 1840ರ ದಶಕದಲ್ಲಿ ಅಮೃತಶಿಲೆಯಂತೆ ತೋರುವ ‘ಪ್ಯಾರಿಯನ್’ ಪಿಂಗಾಣಿ ಬಂದು ಬೆಲೆ ಮತ್ತಷ್ಟು ಇಳಿಯಿತು. 1845ರಲ್ಲಿ ಪ್ರಕಟವಾದ ಪೋ ಅವರ ‘ದಿ ರೇವನ್’ ಕವನದಲ್ಲಿ ಕರಿಯ ಪಕ್ಷಿಯು ಬಂದು ಕುಳಿತುಕೊಳ್ಳುವುದು ಬಾಗಿಲ ಮೇಲಣ ಇಂತಹ ಒಂದು ಎದೆಪ್ರತಿಮೆಯ ಮೇಲೆಯೇ. ಆ ಪ್ರತಿಮೆ ಯಾವ ಲೇಖಕನದೂ ಅಲ್ಲ. ಗ್ರೀಕರ ವಿದ್ಯಾಧಿದೇವತೆ ಪಲ್ಲಾಸಳದು. ನಮ್ಮ ಸರಸ್ವತಿಯ ಸ್ಥಾನದಲ್ಲಿರುವವಳು ಆಕೆ. ಮುಂದೆ ಆ ಪೀಠವನ್ನು ಲೇಖಕನೇ ಏರಿದನು. ಅಮೆರಿಕದ ರಹಸ್ಯಕಥಾಲೇಖಕರ ಸಂಘವು 1946ರಿಂದ ಕೊಡುತ್ತ ಬಂದಿರುವ ‘ಎಡ್ಗರ್’ ಬಹುಮಾನದ ಗುರುತು ಪೋ ಅವರ ಪುಟ್ಟ ಪಿಂಗಾಣಿ ಪ್ರತಿಮೆ. ದೇವಿಯ ಮುಖವಿದ್ದ ಕಡೆಗೆ ಕವಿಯ ಮುಖ ಬಂದ ಈ ಮಾರ್ಪಾಡು ಸುಮಾರು ನೂರು ವರ್ಷಗಳಲ್ಲಿ ನಡೆದುಹೋಯಿತು.

3

ಇನ್ನು ನಮ್ಮ ಸೀಮೆಗೆ ಬರೋಣ. ಸೊರಬ, ಶಿಕಾರಿಪುರ ತಾಲ್ಲೂಕುಗಳು ಪ್ರಾಚೀನ ಬನವಾಸಿ ನಾಡಿಗೆ ಸೇರಿದವು. ಇಲ್ಲಿ ಲೇಖಕನಿಗೆ ಮನ್ನಣೆಯಿರಲಿಲ್ಲವೆಂಬ ಮಾತನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವೊಂದೇ ಅಲ್ಲಗಳೆಯಬಲ್ಲದು. ಐದನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ನಿಂತ ಈ ಸಂಸ್ಕೃತ ಶಾಸನದಲ್ಲಿ ಮಯೂರಶರ್ಮನಿಂದ ಮೊದಲಾಗಿ ರಾಜವಂಶದ ಚರಿತ್ರೆಯಿದೆ. ಅದರೊಡನೆ, ಈ ಕಾವ್ಯವನ್ನು ರಚಿಸಿ ಕಲ್ಲಿನಲ್ಲಿ ಬರೆದವನು ಕುಬ್ಜನೆಂಬ ಉಲ್ಲೇಖವೂ ಇದೆ. ಕುಬ್ಜನ ಮುಖ ಹೇಗಿತ್ತೆಂಬುದಕ್ಕೆ ಆ ಕಂಬದಲ್ಲಿ ಯಾವ ಗುರುತೂ ಇಲ್ಲ. ಆದರೆ ಅವನ ಹೆಸರು ರಾಜರ ಹೆಸರುಗಳಿರುವ ಕಂಬದಲ್ಲಿಯೇ ಸುಮಾರು ಸಾವಿರದ ಐನೂರು ವರ್ಷಗಳಿಂದ ನಿಂತಿದೆ.

ಶಿಲ್ಪಿಯ ವಿಷಯದಲ್ಲಿಯೂ ರೀತಿ ಇದೇ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರು 1117ರ ಬೇಲೂರು ದೇವಾಲಯದಲ್ಲಿ ಕೆಲಸಮಾಡಿ ತಮ್ಮ ವಿಗ್ರಹಗಳ ಕೆಳಗೆ ಹೆಸರನ್ನೂ ಊರನ್ನೂ ಬರೆದಿದ್ದಾರೆ. ಸಾವಿರಾರು ಮುಖಗಳನ್ನು ಬಿಡಿಸಿದ ಆ ಕಾಲದ ಶಿಲ್ಪಿಗಳು ತಮ್ಮ ನೆನಪಿಗೆ ಬಿಟ್ಟುಹೋದುದು ಅಕ್ಷರಗಳನ್ನು.

ಬನವಾಸಿ ನಾಡಿನ ಹೊರಗಿನದಾದರೂ ಇಲ್ಲಿ ಉಲ್ಲೇಖಿಸಲೇಬೇಕಾದ ನಿದರ್ಶನ ಅತ್ತಿಮಬ್ಬೆಯದು. ಹತ್ತನೆಯ ಶತಮಾನದ ಈ ದಾನಚಿಂತಾಮಣಿಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದೂ, ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿ ದಾನಕೊಟ್ಟಳೆಂದೂ ಪ್ರಸಿದ್ಧಿಯಿದೆ. ಇವೆರಡು ದಾನಗಳನ್ನು ಜೊತೆಯಾಗಿ ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರದ ಅರ್ಧಭಾಗ ದೊರೆತಂತೆಯೇ. ಬಿಂಬ ಮಾಡಿಸುವುದು ಆಕೆಗೆ ಕಷ್ಟವಾಗಿರಲಿಲ್ಲ. ಕವಿಯನ್ನು ಗೌರವಿಸುವ ಮನಸ್ಸೂ ಇತ್ತು. ಆದರೆ ಬಿಂಬವನ್ನು ಜಿನನಿಗೆ ಮೀಸಲಿಟ್ಟು, ಕವಿಗೆ ಪ್ರತಿಗಳನ್ನು ಸಲ್ಲಿಸಿದಳು. ಕವಿಯ ಪ್ರತಿಮೆಯೆಂದರೆ ಅವನ ಗ್ರಂಥವೇ ಎಂಬ ಭಾವನೆ ಇಲ್ಲಿ ಕಾರ್ಯರೂಪಕ್ಕೆ ಬಂದಿದೆ. ನವರಾತ್ರಿಯಲ್ಲಿ ಪುಸ್ತಕಗಳನ್ನೇ ಪೀಠದಲ್ಲಿರಿಸಿ ಪೂಜಿಸುವ ಸರಸ್ವತೀಪೂಜೆಯಲ್ಲಿಯೂ ಇದೇ ಭಾವನೆ ಉಳಿದುಬಂದಿದೆ.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಮನುಷ್ಯಪ್ರತಿಮೆ ನಮ್ಮಲ್ಲಿ ಇರಲೇ ಇಲ್ಲವೇ ಎಂಬುದು. ಖಂಡಿತವಾಗಿಯೂ ಇದ್ದಿತು. ಸೊರಬ, ಶಿಕಾರಿಪುರಗಳು ವೀರಗಲ್ಲುಗಳಿಗೆ ಪ್ರಸಿದ್ಧವಾದ ತಾಲ್ಲೂಕುಗಳು. ತುರುಗಾಳಗದಲ್ಲಿ ಮಡಿದ ಸಾಮಾನ್ಯನ ರೂಪವೂ ಅಲ್ಲಿ ಕಲ್ಲಿನಲ್ಲಿದೆ. ಆದರೆ ಒಬ್ಬ ವೀರನ ಮುಖಕ್ಕೂ ಇನ್ನೊಬ್ಬನದಕ್ಕೂ ಭೇದ ಕಾಣುವುದು ಅಪರೂಪ. ಇಂತಹವನೆಂದು ತಿಳಿಸುವುದು ಪಟ್ಟಿಕೆಗಳ ನಡುವಣ ಬರಹ. ವೀರಗಲ್ಲು ನಿಲ್ಲುವುದೂ ಊರ ಬಯಲಿನಲ್ಲಿ, ಮನೆಯ ಒಳಗಲ್ಲ. ಎರಡನೆಯದು, ಶರಣರ ಹಾಗೂ ಹರಿದಾಸರ ಬಿಂಬಗಳ ವಿಷಯ. ಬಳ್ಳಿಗಾವೆಯ ಅಲ್ಲಮಪ್ರಭು, ಉಡುತಡಿಯ ಅಕ್ಕಮಹಾದೇವಿ ಇಬ್ಬರೂ ಈ ಸೀಮೆಯ ವಚನಕಾರರು; ಅವರ ಚಿತ್ರಗಳು ಅನೇಕ ಮನೆಗಳಲ್ಲಿವೆ. ಆದರೆ ಅಲ್ಲಿ ಪೂಜೆ ಸಲ್ಲುವುದು ಶರಣತ್ವಕ್ಕೆ. ಬರೆದವರೆಂಬುದು ಅದರೊಳಗೆ ಅಡಗಿದೆ.

ಮನೆಯ ಪ್ರತಿಮೆಯ ಬಗೆಗೆ ಶಾಸ್ತ್ರವೂ ಎಚ್ಚರಿಕೆಯಿಂದ ಮಾತನಾಡಿದೆ. ಗೃಹದಲ್ಲಿ ಪೂಜಿಸುವ ಪ್ರತಿಮೆ ಹೆಬ್ಬೆರಳಿನ ಗೆಣ್ಣಿನಿಂದ ಮೊದಲ್ಗೊಂಡು ಒಂದು ಗೇಣಿನವರೆಗೆ ಮಾತ್ರ ಇರತಕ್ಕದ್ದು, ಅದಕ್ಕಿಂತ ದೊಡ್ಡದು ಪ್ರಶಸ್ತವಲ್ಲವೆಂದು ಮತ್ಸ್ಯಪುರಾಣದ ಅಭಿಪ್ರಾಯ. ಕಾಲನಿರ್ಣಯ ವಿವಾದಾಸ್ಪದವಾದರೂ ಶಿಲ್ಪವಿಚಾರದಲ್ಲಿ ಬಹುವಾಗಿ ಉದಾಹೃತವಾಗುವ ಶುಕ್ರನೀತಿಸಾರವು, ದೇವಬಿಂಬವು ಲಕ್ಷಣಹೀನವಾಗಿದ್ದರೂ ಶ್ರೇಯಸ್ಕರ, ಮರ್ತ್ಯರ ಬಿಂಬವು ಸುಲಕ್ಷಣವಾಗಿದ್ದರೂ ಅಲ್ಲವೆನ್ನುತ್ತದೆ. ಪ್ರಾಣಪ್ರತಿಷ್ಠೆಯಿಂದ ಬಿಂಬಕ್ಕೆ ಜೀವ ಬರುವುದು, ವಿಸರ್ಜನೆಯಿಂದ ಅದು ಹಿಂದಿರುಗುವುದು ನಮ್ಮಲ್ಲಿ ವಿಧಿಬದ್ಧವಾದ ಕ್ರಿಯೆಗಳು. ಪ್ರತಿಮೆಯಲ್ಲಿ ಜೀವವಿರಬಹುದೆಂಬ ನಂಬಿಕೆ ವಾಲ್ಪೋಲನ ಕಥೆಯಲ್ಲಿಯೂ ನಮ್ಮ ಮನೆಗಳಲ್ಲಿಯೂ ಇದೆ. ಅಲ್ಲಿ ಅದು ಭಯವಾಗಿ ಅಲೆದಾಡಿತು. ಇಲ್ಲಿ ಅದಕ್ಕೆ ಅಳತೆ, ಮಂತ್ರ, ಮುಹೂರ್ತಗಳ ಕಟ್ಟುಪಾಡು ದೊರೆಯಿತು. ಈ ಕಟ್ಟುಪಾಡಿನೊಳಗೆ ಕವಿಯ ಮುಖಕ್ಕೆ ಸ್ಥಳವಿಲ್ಲದೆ ಹೋದುದು ಸಹಜ.

4

ಗುಡಿಗಾರರ ಕೈಗಾರಿಕೆ ಬೆಳೆದುದು ಈ ಹಿನ್ನೆಲೆಯಲ್ಲಿ. ಗುಡಿಯ ಕೆಲಸದವರೆಂಬುದು ಹೆಸರಿನಿಂದಲೇ ತಿಳಿಯುತ್ತದೆ. ಸೊರಬ, ಸಾಗರಗಳಲ್ಲದೆ ಶಿರಸಿ, ಸಿದ್ದಾಪುರ, ಹೊನ್ನಾವರ, ಕುಮಟಾ ಕಡೆಗಳಲ್ಲಿಯೂ ಇವರ ಮನೆಗಳಿವೆ. ಪೋರ್ಚುಗೀಸರ ಕಾಲದಲ್ಲಿ ಗೋವೆಯಿಂದ ಬಂದವರೆಂಬ ಐತಿಹ್ಯ ಇವರಲ್ಲಿದೆ. ಗಂಧ ಮತ್ತು ದಂತದ ಕೆತ್ತನೆ, ಮಣ್ಣಿನ ಗಣಪತಿ, ಬಣ್ಣದ ಕೆಲಸ, ಬೆಂಡಿನ ಬಾಸಿಂಗ ಇವೆಲ್ಲ ಒಂದೇ ಮನೆತನದ ಕಸುಬುಗಳಾಗಿದ್ದವು. ಚೌತಿಯ ಗಣಪತಿ ಕೆಲವು ದಿನಗಳಲ್ಲಿ ನೀರಿಗೆ ಸೇರುತ್ತದೆ, ಬಾಸಿಂಗ ಮದುವೆಯೊಡನೆ ಮುಗಿಯುತ್ತದೆ. ಗಂಧದ ಕೆಲಸ ತಲೆಮಾರುಗಳವರೆಗೆ ನಿಲ್ಲುತ್ತದೆ. ಈ ಮೂರು ಬಗೆಯ ಆಯುಸ್ಸುಗಳನ್ನೂ ಅರಿತು ಕೆಲಸಮಾಡಿದ ಕೈ ಇದು.

ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಸೊರಬದ ಕೆತ್ತನೆಯನ್ನು ವರ್ಣಿಸಿದ್ದಾರೆ. ಅದರ ಪರಿಷ್ಕೃತ ಆವೃತ್ತಿ ಹೊರಬಂದ 1897ನೆಯ ಇಸವಿಯಲ್ಲಿಯೇ ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ ಲಂಡನ್ನಿನಲ್ಲಿ ಪ್ರಕಟವಾಯಿತು. ಆ ವೇಳೆಗೆ ಗುಡಿಗಾರರ ಗಿರಾಕಿ ಬದಲಾಗಿದ್ದನು. ದೇವಾಲಯ, ತೇರುಗಳ ಕೆಲಸದ ಜೊತೆಗೆ ಯೂರೋಪಿಯನ್ ಮನೆಗಳಿಗೆ ಬೇಕಾದ ಪೆಟ್ಟಿಗೆ, ಬರೆಯುವ ಮೇಜಿನ ಸಾಮಾನು, ಕರಂಡಕಗಳು ಮುಖ್ಯವಾದವು. 1903ರ ದೆಹಲಿ ಪ್ರದರ್ಶನದ ಕಾಲಕ್ಕೆ ಮೈಸೂರು ಸೀಮೆಯ ಗಂಧದ ಕೆಲಸಕ್ಕೆ ಅಖಿಲ ಭಾರತ ಖ್ಯಾತಿಯಿತ್ತು. ವಿನ್ಯಾಸವನ್ನು ಕಾಗದದ ಮೇಲೆ ಬರೆದು ಮರಕ್ಕೆ ಅಂಟಿಸಿ, ಅಥವಾ ಬಿಳಿದುಮಾಡಿದ ಮರದ ಮೇಲೆ ನೇರವಾಗಿ ಬರೆದು, ಸಣ್ಣ ಉಳಿಯಿಂದ ಅಂಚನ್ನು ಕಡಿದು, ಹಿನ್ನೆಲೆಯನ್ನು ತಗ್ಗಿಸಿ, ಕೊನೆಗೆ ಎಲೆಬಳ್ಳಿಗಳ ವಿವರಗಳನ್ನು ತೆಗೆಯುವುದು ಪದ್ಧತಿ. ಒಂದರೊಳಗೊಂದು ಹೆಣೆದ ಬಳ್ಳಿಗಳ ದಟ್ಟಣೆ, ಅದರ ನಡುವೆ ದೇವತೆಯ ಅಥವಾ ಪುರಾಣಪ್ರಸಂಗದ ಪದಕ, ಅಲ್ಲಲ್ಲಿ ಮೃಗಪಕ್ಷಿಗಳು: ಹಳೆಯ ಪೆಟ್ಟಿಗೆಗಳ ರಚನೆ ಸಾಮಾನ್ಯವಾಗಿ ಹೀಗಿರುತ್ತದೆ.

ಗಿರಾಕಿ ಬದಲಾದರೂ ರೂಪ ಬದಲಾಗಲಿಲ್ಲವೆಂಬುದು ಇಲ್ಲಿಯ ಮುಖ್ಯಾಂಶ. ಕೊಟ್ಟ ಮಾದರಿಯನ್ನು ಯಥಾವತ್ತಾಗಿ ಬಿಡಿಸುವ ಸಾಮರ್ಥ್ಯ ಗುಡಿಗಾರರಿಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಮಹಾಪುರುಷರ ಮುಖಗಳನ್ನು ಕೆತ್ತುವುದೂ ಬಂದಿತು. ಆದರೂ ಅವರ ಕಲೆಯ ಪರಮಾವಧಿ ಕಂಡುಬರುವುದು ಒಂಟಿ ಮುಖದಲ್ಲಲ್ಲ. ಪೆಟ್ಟಿಗೆಯಲ್ಲಿ ಮತ್ತು ಮಂಟಪದಲ್ಲಿ. ಎರಡೂ ಒಳಗೊಂದು ವಸ್ತುವನ್ನು ಕಾಪಾಡತಕ್ಕವು. ಕೆತ್ತನೆಯೆಲ್ಲ ಹೊರಗೆ, ಮನ್ನಣೆಯೆಲ್ಲ ಒಳಗಿನದಕ್ಕೆ.

5

ಈಗ ಎರಡು ಎಳೆಗಳನ್ನು ಕೂಡಿಸಬಹುದು. ಲೇಖಕನ ಮುಖವನ್ನು ಮನೆಯೊಳಗೆ ತಂದ ಪದ್ಧತಿಗೆ ಒದಗಿದ ಇಕ್ಕಟ್ಟನ್ನು ಇತ್ತೀಚಿನ ಒಂದು ಪ್ರಸಂಗ ತೋರಿಸುತ್ತದೆ. 1975ರಿಂದ ಕೊಡಲ್ಪಡುತ್ತಿರುವ ವಿಶ್ವ ಫ್ಯಾಂಟಸಿ ಬಹುಮಾನದ ಗುರುತು, ಅಮೆರಿಕದ ಭೀಕರಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ (1890–1937) ಅವರ ತಲೆಯ ಪ್ರತಿಮೆಯಾಗಿದ್ದಿತು. ರೂಪಿಸಿದವರು ವ್ಯಂಗ್ಯಚಿತ್ರಕಾರ ಗೇಹನ್ ವಿಲ್ಸನ್. ಲವ್‌ಕ್ರಾಫ್ಟರು ಕರಿಯ ಜನರನ್ನು ಹೀನಾಯವಾಗಿ ಕಂಡು ಬರೆದವರೂ ಹೌದು. 2011ರಲ್ಲಿ ಈ ಬಹುಮಾನ ಪಡೆದ ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿ ನೆಡಿ ಒಕೊರಾಫೋರ್, ತಮ್ಮ ಜನರನ್ನು ಹಾಗೆ ಕಂಡವನ ತಲೆಯನ್ನು ತಮ್ಮ ಮನೆಯಲ್ಲಿ ಗೌರವದ ಗುರುತಾಗಿ ಇಟ್ಟುಕೊಳ್ಳುವುದು ಹೇಗೆಂಬ ಪ್ರಶ್ನೆಯನ್ನೆತ್ತಿದರು. ಹಿಂದಿನ ವರ್ಷ ಅದನ್ನು ಪಡೆದಿದ್ದ ಇಂಗ್ಲಿಷ್ ಲೇಖಕ ಚೈನಾ ಮೀವಿಲ್, ತಾವು ಪ್ರತಿಮೆಯನ್ನು ಗೋಡೆಯ ಕಡೆಗೆ ಮುಖಮಾಡಿ ಇರಿಸಿರುವುದಾಗಿ ತಿಳಿಸಿದರು. 2015ರಲ್ಲಿ ಆ ಪ್ರತಿಮೆಯನ್ನು ಕೈಬಿಡಲಾಯಿತು. ಇದನ್ನು ವಿರೋಧಿಸಿ, ಪುಣೆಯಲ್ಲಿ ಹುಟ್ಟಿ ಲವ್‌ಕ್ರಾಫ್ಟರ ಕೃತಿಗಳ ಪ್ರಮುಖ ಸಂಪಾದಕರಾದ ಎಸ್. ಟಿ. ಜೋಶಿ ತಮ್ಮ ಬಹುಮಾನಗಳನ್ನು ಹಿಂದಿರುಗಿಸಿದರು. ಮುಂದೆ ಬಂದ ಹೊಸ ಗುರುತು ಒಂದು ಮರ ಮತ್ತು ಚಂದ್ರಬಿಂಬ.

ಇಲ್ಲಿ ಯಾರ ಪಕ್ಷ ಸರಿಯೆಂಬುದು ನಮ್ಮ ವಿಷಯವಲ್ಲ. ಮುಖವು ಲೇಖಕನ ಕೃತಿಯೊಂದನ್ನೇ ಹೊತ್ತು ತರಲಾರದು, ಇಡೀ ಮನುಷ್ಯನನ್ನೇ ತರುತ್ತದೆ ಎಂಬುದಷ್ಟು ಇದರಿಂದ ಸ್ಪಷ್ಟ. ಕೃತಿಯನ್ನಾದರೆ ತೆರೆಯಬಹುದು, ಮುಚ್ಚಬಹುದು, ವಿಮರ್ಶಿಸಬಹುದು; ಮುಖವು ಕಪಾಟಿನ ಮೇಲಿನಿಂದ ಸದಾ ನೋಡುತ್ತಿರುತ್ತದೆ.

ಅದೇ ಗಾಥಿಕ್ ಬಳಗದಿಂದಲೇ ಬೇರೊಂದು ಮಾದರಿಯೂ ಬಂದಿದೆ. ಅಮೆರಿಕದ ಭಯಾನಕಕಥಾಲೇಖಕರ ಸಂಘದ ಬ್ರಾಮ್ ಸ್ಟೋಕರ್ ಬಹುಮಾನ 1987ರ ಕೃತಿಗಳಿಂದ ಆರಂಭವಾಯಿತು. ಅದರ ಗುರುತು ಸ್ಟೋಕರ್ ಅವರ ಮುಖವಲ್ಲ. ಪ್ರೇತಾವಾಸದಂತಹ ಒಂದು ಪುಟ್ಟ ಮನೆ. ಅದರ ಬಾಗಿಲನ್ನು ತೆರೆದರೆ ಒಳಗಿನ ಹಿತ್ತಾಳೆಯ ತಗಡಿನಲ್ಲಿ ಬಹುಮಾನಿತ ಕೃತಿಯ ಹೆಸರೂ ಲೇಖಕನ ಹೆಸರೂ ಕಾಣುತ್ತವೆ. ಹೊರಗೆ ಶಿಲ್ಪ, ಒಳಗೆ ಅಕ್ಷರ. ಬನವಾಸಿ ನಾಡಿನ ರೀತಿಯನ್ನು ಅರಿಯದೆಯೇ ಅವರು ಅದರ ಹತ್ತಿರಕ್ಕೆ ಬಂದಿದ್ದಾರೆನ್ನಬಹುದು. ಕುಬ್ಜನ ಕಂಬಕ್ಕೂ ಗುಡಿಗಾರನ ಪೆಟ್ಟಿಗೆಗೂ ಈ ಬಾಗಿಲಿನ ಮನೆ ಅನ್ಯವಲ್ಲ.

ನಮ್ಮ ಕಾಲದ ಕನ್ನಡಿಗರೂ ಎರಡು ದಾರಿಗಳನ್ನೂ ಬಲ್ಲರು. ಕವಿಗಳ ಪ್ರತಿಮೆಗಳು ಪಟ್ಟಣಗಳ ವೃತ್ತಗಳಲ್ಲಿ ನಿಂತಿವೆ. ಆದರೆ ಇದೇ ಶಿವಮೊಗ್ಗ ಜಿಲ್ಲೆಯ ಕುಪ್ಪಳಿಯನ್ನು ನೋಡಬೇಕು. ಹ್ಯಾಮ್ಲೆಟ್ ನಾಟಕವನ್ನು ಪ್ರೇತಸಹಿತವಾಗಿ ಬಿದನೂರಿನ ಪರಿಸರಕ್ಕೆ ತಂದು ‘ರಕ್ತಾಕ್ಷಿ’ಯನ್ನು (1932) ರಚಿಸಿದ ಕುವೆಂಪು ಅವರ ಸಮಾಧಿ ಅಲ್ಲಿಯ ಕವಿಶೈಲದಲ್ಲಿದೆ. ಕಲಾವಿದ ಕೆ. ಟಿ. ಶಿವಪ್ರಸಾದ್ ಅದರ ಸುತ್ತ ನಿಲ್ಲಿಸಿದುದು ಬೃಹತ್ ಶಿಲೆಗಳ ನಿಲುವುಗಳನ್ನು. ಕವಿ ಬಾಳಿದ ಮನೆ ಬೆಟ್ಟದ ಕೆಳಗೆ ದರ್ಶನಾರ್ಥಿಗಳಿಗೆ ತೆರೆದಿದೆ.

ಈ ವಿಚಾರಕ್ಕೆ ಇಂದು ವಿಶೇಷವಾದ ಮಹತ್ತ್ವವಿದೆ. ಟಿಪ್ಪುವಿನ ಕಾಲದಿಂದ ರಾಜವೃಕ್ಷವಾಗಿದ್ದ ಶ್ರೀಗಂಧದ ಮೇಲಣ ಒಡೆತನ ಭೂಮಾಲಿಕನಿಗೆ ದೊರೆತುದು 2001ರ ಅರಣ್ಯ ಕಾಯಿದೆಯ ತಿದ್ದುಪಡಿಯಿಂದ. ಅಷ್ಟರಲ್ಲಿ ಕಾಡಿನ ಗಂಧ ಬಹುಮಟ್ಟಿಗೆ ಬರಿದಾಗಿತ್ತು. ಮರದ ಬೆಲೆಯೇರಿ, ಗುಡಿಗಾರರು ಶಿವನೆ ಮೊದಲಾದ ಮರಗಳನ್ನೂ ಆಶ್ರಯಿಸಬೇಕಾಯಿತು. ಹೀಗೆ ಮರ ದುರ್ಲಭವಾದಾಗ ಯಾವುದನ್ನು ಕೆತ್ತಬೇಕೆಂಬುದು ಅಂಗಡಿಯ ಬೇಡಿಕೆಯಷ್ಟೇ ಆಗಿ ಉಳಿಯಲಾರದು. ಅಚ್ಚಿನಲ್ಲಿ ಎರಕಹೊಯ್ದ ಮುಖಗಳೊಡನೆ ಸ್ಪರ್ಧಿಸಿ ಗಂಧದಲ್ಲಿ ಕವಿಮುಖಗಳನ್ನು ಕೆತ್ತಿದರೆ ಕುಶಲಕರ್ಮಿಗೆ ಗೆಲುವು ಕಷ್ಟ. ಅಚ್ಚು ಅಗ್ಗ, ಅದಕ್ಕೆ ದಣಿವಿಲ್ಲ. ಆದರೆ ಒಂದು ಪುಸ್ತಕವನ್ನು ಕಾಪಾಡುವ ಗಂಧದ ಕರಂಡಕ, ಮುಚ್ಚಳದ ಬಳ್ಳಿಗಳ ನಡುವೆ ಆ ಕೃತಿಯ ಪ್ರಸಂಗಪದಕ, ಒಳಗೆ ಕವಿಯ ಹೆಸರು: ಇದನ್ನು ಅಚ್ಚು ಮಾಡಲಾರದು; ಗುಡಿಗಾರನ ಕೈ ಶತಮಾನಗಳಿಂದ ಬಲ್ಲದು. ಅದರೊಳಗೆ ಪಂಪನ ಕಾವ್ಯವೂ ಇರಬಹುದು, ಪೋ ಅವರ ಕಥೆಗಳೂ ಇರಬಹುದು.

ಲೇಖಕನಿಗೆ ಮನೆಯಲ್ಲಿ ಸಲ್ಲುವ ಗೌರವ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಅದು ಮುಖವನ್ನು ಬಿಟ್ಟು ಹೆಸರನ್ನೂ ಗ್ರಂಥವನ್ನೂ ಹಿಡಿಯಿತೆಂಬುದು ಮೇಲಿನ ವಿವೇಚನೆಯಿಂದ ತಿಳಿದುಬರುತ್ತದೆ. ಸೊರಬ, ಸಾಗರ, ಉಳವಿಯ ಸುತ್ತಣ ಊರುಗಳ ಹಳೆಯ ಮನೆಗಳಲ್ಲಿ ಓಲೆಗರಿಯ ಕಟ್ಟುಗಳ ಮರದ ಹಲಗೆಗಳು, ಪುಸ್ತಕದ ಪೆಟ್ಟಿಗೆಗಳು, ವ್ಯಾಸಪೀಠಗಳು ಇರಬಹುದಾದಲ್ಲಿ ಅವನ್ನು ಅಳೆದು, ಚಿತ್ರ ತೆಗೆದು, ಮರ ಯಾವುದು, ಕೆತ್ತನೆ ಯಾವ ಬಗೆಯದೆಂದು ಬರೆದಿಡುವುದು ಆ ಭಾಗದ ಕಾಲೇಜುಗಳ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕಾರ್ಯ. ದೇವರ ಮಂಟಪಗಳ ಬಗೆಗೆ ನಮಗಿರುವಷ್ಟು ಎಚ್ಚರ ಅಕ್ಷರದ ಮಂಟಪಗಳ ಬಗೆಗೂ ಉಂಟಾದಾಗ ಈ ಕೈಗಾರಿಕೆಯ ಚರಿತ್ರೆಯ ಮರೆತ ಭಾಗವೊಂದು ಬೆಳಕಿಗೆ ಬಂದೀತು.